ಹಲ್ಲಿ ತರಲು ಬೆಳಗಾವಿಗೆ ಹೋದ ದಿನ

ಬಾಗಲಕೋಟೆ ನವನಗರದ ನಮ್ಮ ಮನೆಯ ಕಾಂಪೌಂಡ್ ಗೋಡೆ ಮೇಲೆ ದಿನಾ ಒಂದು ಓತಿಕ್ಯಾತ ಬಂದು ಬಿಸಿಲಿಗೆ ಕೂರುತ್ತದೆ. ತಲೆ ಮೇಲೆ ಕೆಳಗೆ ಆಡಿಸುತ್ತದೆ. ಆರನೇ ಕ್ಲಾಸಿನ ನನ್ನ ಮಗಳು ಅದನ್ನು ನೋಡುತ್ತಾ ನಿಂತರೆ ಊಟಕ್ಕೂ ಬರುವುದಿಲ್ಲ. ಹೋದ ಬೇಸಿಗೆ ರಜೆಯಲ್ಲಿ ಒಂದು ದಿನ, "ಪಪ್ಪಾ, ನನಗ ನಾಯಿ ಬ್ಯಾಡ, ಬೆಕ್ಕು ಬ್ಯಾಡ, ಇಂಥಾದ್ದು ಒಂದು ಬೇಕು" ಎಂದಳು.

ನಾನು ಬೇಡ ಎನ್ನಲಿಲ್ಲ. ಆದರೆ ಗೋಡೆ ಮೇಲಿನದನ್ನು ಹಿಡಿಯುವುದು ಬೇಡ, ಅದು ಹೊರಗೇ ಬದುಕಲಿ ಅಂದೆ. ಪರಿಚಯದವರೊಬ್ಬರು ಹೊಲದಲ್ಲಿ ಉಡದ ಮರಿ ಸಿಗುತ್ತದೆ, ತಂದುಕೊಡುತ್ತೇನೆ ಎಂದರು. ಅದಕ್ಕಂತೂ ಕೈಮುಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಮೊದಲ ಪಟ್ಟಿಯಲ್ಲೇ ಉಡವೂ ಇದೆ. ಅದನ್ನು ಮನೆಯಲ್ಲಿಟ್ಟುಕೊಂಡರೆ ಜೈಲು.

ಇನ್ನು ನಮ್ಮವ್ವ. ಹಲ್ಲಿ ನುಡಿದರೆ ಬೆರಳಿನಿಂದ ನೆಲ ತಟ್ಟುವವಳು. "ಗ್ವಾಡಿ ಮ್ಯಾಲಿನ ಹಲ್ಲಿ ಸಾಲಂಗಿಲ್ಲೇನು? ಮ್ಯಾಲೆ ಅದಕ್ಕ ಜೀವಂತ ಹುಳಾ ತಿನಸ್ತೀರಂತ. ನಮ್ಮ ಮನ್ಯಾಗ ಅದೆಲ್ಲಾ ನಡಿಯಂಗಿಲ್ಲ" ಎಂದಳು. ಅವಳ ಮಾತಿನಲ್ಲಿ ತೂಕ ಇತ್ತು. ನಮ್ಮದು ತತ್ತಿಯನ್ನೂ ತಿನ್ನದ ಮನೆ.

ಹದಿನೈದು ದಿನ ನಾನೂ ಮಗಳೂ ಕೂತು ಓದಿದೆವು. ಹೊಸಬರಿಗೆ ಎಲ್ಲರೂ ಮೊದಲು ಹೇಳುವುದು ಲೆಪರ್ಡ್ ಗೆಕ್ಕೊ ಅನ್ನುವ ಹಲ್ಲಿ. ಒಂದು ಗೇಣು ಉದ್ದ, ಮೆತ್ತಗಿನ ಸ್ವಭಾವ. ಆದರೆ ಅದು ಹುಳ ಬಿಟ್ಟು ಬೇರೇನೂ ತಿನ್ನುವುದಿಲ್ಲ, ಹಗಲೆಲ್ಲ ಮಲಗಿ ಸಂಜೆ ಮೇಲೆ ಏಳುತ್ತದೆ. ಅದರ ಬಂಧುಗಳು ನಮ್ಮ ದೇಶದ ಕಾಡಲ್ಲೂ ಇವೆ, ಹಾಗಾಗಿ ಅರಣ್ಯ ಇಲಾಖೆಯಲ್ಲಿ ಕೇಳದೆ ಕೈ ಹಾಕುವ ಮಾತೇ ಇರಲಿಲ್ಲ. ಕ್ರೆಸ್ಟೆಡ್ ಗೆಕ್ಕೊ ಚಿತ್ರ ನೋಡಿ ಮಗಳು ಕುಣಿದಳು. ನ್ಯೂ ಕ್ಯಾಲಿಡೋನಿಯಾ ದ್ವೀಪದ್ದು, ಅಳಿದೇ ಹೋಯಿತು ಅಂದುಕೊಂಡಿದ್ದವರಿಗೆ 1994ರಲ್ಲಿ ಮತ್ತೆ ಸಿಕ್ಕಿದ್ದು. ಆದರೆ 28 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ. ನಮ್ಮಲ್ಲಿ ಮೇ ತಿಂಗಳು 40ಕ್ಕೆ ಹೋಗುತ್ತದೆ, ಕರೆಂಟ್ ಹೋದರೆ ಎಸಿ ಇದ್ದೂ ಇಲ್ಲದ ಹಾಗೆ.

ಕೊನೆಗೆ ಮನಸ್ಸು ನಿಂತದ್ದು ಬಿಯರ್ಡೆಡ್ ಡ್ರ್ಯಾಗನ್ ಮೇಲೆ. ಆಸ್ಟ್ರೇಲಿಯಾದ ಒಣ ಬಯಲಿನ ಪ್ರಾಣಿ. ನಮ್ಮ ಓತಿಕ್ಯಾತದ್ದೇ ಕುಟುಂಬ, ಹಾಗೇ ತಲೆ ಆಡಿಸುತ್ತದೆ, ಹಗಲು ಎಚ್ಚರವಿರುತ್ತದೆ. ಮರಿಯಿದ್ದಾಗ ಹುಳ ಜಾಸ್ತಿ ತಿಂದರೂ ದೊಡ್ಡದಾದ ಮೇಲೆ ಸೊಪ್ಪು ತರಕಾರಿಯೇ ಹೆಚ್ಚು. ಬೆಳೆದದ್ದನ್ನೇ ತಂದರೆ ಹುಳದ ಡಬ್ಬಿ ನನ್ನ ಬೈಕ್ ಶೆಡ್ಡಿನಲ್ಲಿ ಇಟ್ಟುಕೊಳ್ಳಬಹುದು ಅಂತ ಅವ್ವನಿಗೆ ಹೇಳಿದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.

ಅದಾದ ಮೇಲೆ ಒಂದು ಶನಿವಾರ ಬೆಳಿಗ್ಗೆ ಆರರ ಬಸ್ ಹಿಡಿದು, ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿಗೆ ಹೋದೆವು.

ಸಾಕುಪ್ರಾಣಿ ಅಂಗಡಿಯವರು ಮೊದಲು ತೋರಿಸಿದ್ದು ಹಸಿರು ಇಗ್ವಾನಾ ಎಂಬ ದೊಡ್ಡ ಹಲ್ಲಿ ಜಾತಿಯ ಮರಿ. ಎಳೆ ಬಾಳೆ ಎಲೆಯ ಬಣ್ಣ. ಮಗಳ ಅಂಗೈ ಮೇಲೆ ಬಂದು ಕೂತಿತು. "ಸೊಪ್ಪು ಹಾಕಿದ್ರ ಸಾಕ್ರೀ, ಏನೂ ಕಷ್ಟಿಲ್ಲ" ಎಂದರು. ಸೊಪ್ಪು ತಿನ್ನುವುದು ನಿಜ. ಆದರೆ ಅದು ಬಾಲ ಸೇರಿ ಐದಾರು ಅಡಿ ಬೆಳೆಯುತ್ತದೆ. ಅದಕ್ಕೆ ಒಂದು ಕೋಣೆಯೇ ಬೇಕು, ಸಿಟ್ಟು ಬಂದರೆ ಬಾಲದಿಂದ ಚಾಟಿ ಹಾಗೆ ಬಾರಿಸುತ್ತದೆ. ಮೇಲಾಗಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿ ಅದರ ಹೆಸರಿದೆ, 2024ರ ನಿಯಮದ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದ ಪತ್ರ ಕೇಳಿದೆ. "ಅದೆಲ್ಲಾ ಯಾರೂ ಕೇಳಂಗಿಲ್ರೀ" ಎಂದರು. ಮಗಳ ಕೈಯಿಂದ ಅದನ್ನು ತೆಗೆದು ಕೊಡುವುದು ನನಗೆ ಸುಲಭ ಇರಲಿಲ್ಲ.

ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ಡ್ರ್ಯಾಗನ್ ಇತ್ತು. ಮೇಲೆ ಒಂದು ಹಳದಿ ಬಲ್ಬು, ಅಷ್ಟೇ. ಅದು ನಡೆಯುವಾಗ ಮಗಳೇ ಮೊದಲು ನೋಡಿದ್ದು: ಮುಂಗಾಲು ಬಿಲ್ಲಿನ ಹಾಗೆ ಬಾಗಿತ್ತು, ಕೆಳದವಡೆ ಊದಿತ್ತು, ಹೊಟ್ಟೆ ನೆಲಕ್ಕೆ ಎಳೆಯುತ್ತಿತ್ತು. ನಾವು ಓದಿದ್ದ ಮೂಳೆ ರೋಗ ಕಣ್ಣೆದುರೇ ಇತ್ತು. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಕಿರಣ ಬೀಳದಿದ್ದರೆ ಇವುಗಳ ಮೈಯಲ್ಲಿ ಡಿ3 ವಿಟಮಿನ್ ತಯಾರಾಗುವುದಿಲ್ಲ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಆಗ ದೇಹ ಮೂಳೆಯಿಂದಲೇ ಅದನ್ನು ಎಳೆದುಕೊಳ್ಳುತ್ತದೆ. ಸಾದಾ ಬಲ್ಬಿನಲ್ಲಿ ಯುವಿಬಿ ಇರುವುದಿಲ್ಲ. "ಮುಂಜಾನಿ ಕಿಟಕಿ ಕಡೆ ಇಡ್ತೀವ್ರೀ" ಎಂದರು. ಕಿಟಕಿಯ ಗಾಜು ಯುವಿಬಿಯನ್ನು ತಡೆದುಬಿಡುತ್ತದೆ, ಟ್ಯೂಬ್ ಲೈಟಿನ ಹಾಗಿರುವ ಯುವಿಬಿ ದೀಪವೇ ಬೇಕು ಅಂತ ಹೇಳಿದೆ. ಅವರು ಬೇರೆ ಗಿರಾಕಿಯ ಕಡೆ ತಿರುಗಿದರು.

"ಅದನ್ನ ನಾವ ತಗೊಂಡು ಆರಾಮ ಮಾಡೂಣು ಪಪ್ಪಾ" ಎಂದಳು. ಕಣ್ಣಲ್ಲಿ ನೀರು. ನನಗೂ ಅದೇ ಆಸೆ ಆಗಿತ್ತು. ಆದರೆ ಬಾಗಿದ ಮೂಳೆ ಮತ್ತೆ ನೆಟ್ಟಗಾಗುವುದು ಕಷ್ಟ, ಕಾಯಿಲೆ ಬಿದ್ದ ಪ್ರಾಣಿಯಿಂದ ಶುರು ಮಾಡುವಷ್ಟು ನಮಗೆ ಗೊತ್ತಿಲ್ಲ, ನಮ್ಮೂರಿನ ದನದ ಡಾಕ್ಟರು ಹಲ್ಲಿ ಜಾತಿಗೆ ಔಷಧ ಕೊಟ್ಟು ಅಭ್ಯಾಸವಿಲ್ಲ ಅಂತ ಮೊದಲೇ ಹೇಳಿದ್ದರು. ಬರಿಗೈಯಲ್ಲಿ ಬಸ್ ಹತ್ತಿದೆವು. ಯರಗಟ್ಟಿವರೆಗೂ ಅವಳು ಮಾತಾಡಲಿಲ್ಲ. ಆ ದಿನ ನಾನು ಮಾಡಿದ್ದು ಸರಿ ಅಂತಲೇ ಈಗಲೂ ಅನ್ನಿಸುತ್ತದೆ, ಆದರೆ ಆ ಬಾಗಿದ ಕಾಲು ಮರೆತಿಲ್ಲ.

ಮಾರನೇ ದಿನ ಒಂದು ಥರ್ಮಾಮೀಟರ್ ತಂದೆ. ಡ್ರ್ಯಾಗನ್‌ಗೆ ಪೆಟ್ಟಿಗೆಯ ಒಂದು ತುದಿಯಲ್ಲಿ ಮೈ ಕಾಯಿಸಲು 40 ಡಿಗ್ರಿ ಹತ್ತಿರ ಬೇಕು, ಇನ್ನೊಂದು ತುದಿ 25ರ ಆಸುಪಾಸು ಇರಬೇಕು. ಬಿಸಿಯ ತುದಿ ನಮ್ಮೂರಲ್ಲಿ ಚಿಂತೆಯೇ ಅಲ್ಲ, ತಂಪಿನ ತುದಿಯದ್ದೇ ತಲೆನೋವು. ಮಗಳು ದಿನಾ ಮೂರು ಹೊತ್ತು ನೋಡಿ ನೋಟ್‌ಬುಕ್ಕಿನಲ್ಲಿ ಬರೆದಳು. ಹಾಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ 36. ದೇವರ ಕೋಣೆ ಪಕ್ಕದ ಉತ್ತರ ದಿಕ್ಕಿನ ಕೋಣೆಯಲ್ಲಿ 31. ಅಲ್ಲಿ ಕೂಲರ್ ಇಟ್ಟರೆ, ಇನ್ವರ್ಟರ್‌ಗೆ ಜೋಡಿಸಿದರೆ ಎಷ್ಟಾಗುತ್ತದೆ ಅಂತ ಬರುವ ಬೇಸಿಗೆ ಪೂರ್ತಿ ಅಳೆದು ನೋಡಿ, ಆಮೇಲೆ ತರುವುದು ಎಂದು ಮಾತಾಗಿದೆ. ಹತ್ತು ವರ್ಷ ನಮ್ಮ ಜೊತೆ ಇರಬೇಕಾದ ಜೀವಕ್ಕೆ ಒಂದು ವರ್ಷ ಕಾದರೆ ಏನೂ ಹೋಗುವುದಿಲ್ಲ ಅಲ್ವಾ.

ಹೋದ ಭಾನುವಾರ ಬಡಿಗ್ಯಾರು ಬಂದು ಡ್ರ್ಯಾಗನ್ ಪೆಟ್ಟಿಗೆಗೆ ಅಳತೆ ತೆಗೆದುಕೊಂಡು ಹೋದರು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ದಾಸವಾಳದ ಎಲೆ ಹೂವು, ಕುಂಬಳ ಎಲ್ಲ ಅದು ತಿನ್ನುತ್ತದೆ ಅಂತ ಮಗಳು ಅಜ್ಜಿಗೆ ಓದಿ ಹೇಳಿದ್ದಳು. ಅವ್ವ ಹಿತ್ತಲಲ್ಲಿ ಕುಂಬಳದ ಬೀಜ ಹಾಕಿದ್ದಾಳೆ.