ಬರೀ ಲೇಬಲ್ ಅಂಟಿಸಬೇಕಾ, ಇಲ್ಲ ನಿಜವಾದ ಕೆಲಸ ಕೊಡ್ತೀರಾ?

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬಯೋಮೆಡಿಕಲ್ ಸೈನ್ಸ್ ಕೊನೆಯ ವರ್ಷದವರು ಪ್ಲೇಸ್‌ಮೆಂಟ್‌ಗೆ ಬಂದರೆ ಅವರನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ಕಂಪನಿಯವರು ಕ್ಯಾಂಪಸ್ಸಿಗೆ ಬಂದು ನೌಕರಿ ಕೊಡುವ ಪ್ಲೇಸ್‌ಮೆಂಟ್ ಅಲ್ಲ ಇದು. ಓದುತ್ತಿರುವಾಗಲೇ ರೋಗಿಗಳ ರಕ್ತ ಬರುವ ಲ್ಯಾಬಿಗೆ ಬಂದು, ಕೆಲವು ವಾರವೋ ತಿಂಗಳೋ ಇದ್ದು, ಕೆಲಸ ಕಲಿತು ಹೋಗುವುದು. ಬರುವ ಮೊದಲು ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. ಫೋನಿನಲ್ಲಿ ಕೇಳುತ್ತಾರೆ, ಮೇಲ್‌ನಲ್ಲಿ ಕೇಳುತ್ತಾರೆ, ಲಿಫ್ಟಿನಲ್ಲಿ ಹಿಡಿದು ನಿಲ್ಲಿಸಿ ಕೇಳುತ್ತಾರೆ. ಒಮ್ಮೊಮ್ಮೆ ಅವರ ಅಪ್ಪ ಅಮ್ಮನೇ ಕೇಳುತ್ತಾರೆ.

"ಮೇಡಂ, ನಿಜವಾದ ಕೆಲಸ ಕೊಡ್ತೀರಾ, ಇಲ್ಲ ಬರೀ ಟ್ಯೂಬ್‌ಗೆ ಲೇಬಲ್ ಅಂಟಿಸಬೇಕಾ?"

ಮೊದಮೊದಲು ನಗುನಗುತ್ತಲೇ ಹೇಳುತ್ತಿದ್ದೆ. ಈಗ ಸಾಕಾಗಿದೆ. ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಹೌದು, ಲೇಬಲ್ ಅಂಟಿಸಬೇಕು. ನಾನೂ ಅಂಟಿಸುತ್ತೇನೆ. ನನಗಿಂತ ಹಿರಿಯರೂ ಜನ ಕಡಿಮೆ ಇದ್ದ ದಿನ ಅಂಟಿಸುತ್ತಾರೆ. ಅದು ನಿಜವಾದ ಕೆಲಸ ಅಲ್ಲ ಅಂತ ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ. ಅವರು ಲ್ಯಾಬಿನ ಒಳಗೆ ಕಾಲಿಟ್ಟವರಂತೂ ಅಲ್ಲ. ಲ್ಯಾಬ್ ವರದಿಯಲ್ಲಿ ತಪ್ಪಾದರೆ ಜನ ಯಂತ್ರವನ್ನು ಬೈಯುತ್ತಾರೆ. ಆದರೆ ಹೆಚ್ಚಿನ ತಪ್ಪುಗಳು ರಕ್ತ ಯಂತ್ರಕ್ಕೆ ಹೋಗುವ ಮೊದಲೇ ಆಗಿರುತ್ತವೆ. ತಪ್ಪು ಹೆಸರು, ತಪ್ಪು ಟ್ಯೂಬ್, ಅರ್ಧ ತುಂಬಿದ ಟ್ಯೂಬ್, ಎಲ್ಲೋ ಬಿಸಿಲಿನಲ್ಲಿ ಇಟ್ಟು ಮರೆತ ಟ್ಯೂಬ್. ಲ್ಯಾಂಡ್‌ಸ್ಟೈನರ್ ಅನ್ನುವ ವಿಜ್ಞಾನಿ 1901ರಲ್ಲೇ ರಕ್ತದ ಗುಂಪುಗಳನ್ನು ತೋರಿಸಿಕೊಟ್ಟ. ಗುಂಪು ಪತ್ತೆ ಮಾಡುವುದು ಇವತ್ತು ಕೆಲವೇ ನಿಮಿಷದ ಕೆಲಸ. ಆದರೂ ಯಾರಿಗಾದರೂ ಹೊಂದದ ರಕ್ತ ಏರಿಸಿದರು ಅಂದರೆ ಕಾರಣ ಹೆಚ್ಚಾಗಿ ಗುಂಪಿನ ಪರೀಕ್ಷೆ ಕೈಕೊಟ್ಟದ್ದಲ್ಲ. ಒಬ್ಬರ ಹೆಸರು ಇನ್ನೊಬ್ಬರ ಟ್ಯೂಬಿನ ಮೇಲೆ ಬಿದ್ದಿರುತ್ತದೆ. ಬರೀ ಲೇಬಲ್ ಅಂತೆ!

ಒಬ್ಬ ಹುಡುಗಿ ಬಂದಿದ್ದಳು. ಅಂಕಪಟ್ಟಿ ನೋಡಿದರೆ ಕೈ ಮುಗಿಯಬೇಕು, ಹಾಗಿತ್ತು. ಪಿಸಿಆರ್, ಅಂದರೆ ಡಿಎನ್ಎ ಚೂರನ್ನು ಲಕ್ಷಗಟ್ಟಲೆ ಪ್ರತಿ ಮಾಡಿ ಪತ್ತೆ ಹಚ್ಚುವ ಪರೀಕ್ಷೆ, ಕಲಿಯಬೇಕು ಅಂತ ಬಂದವಳನ್ನು ನಾನು ಮೊದಲ ವಾರ ಸ್ಯಾಂಪಲ್ ತೆಗೆದುಕೊಳ್ಳುವ ಟೇಬಲ್ಲಿಗೆ ಹಾಕಿದೆ. ಮುಖ ಊದಿಸಿಕೊಂಡೇ ಕೆಲಸ ಮಾಡಿದಳು. ಆದರೆ ಮಾಡಿದಳು.

ಆ ವಾರವೇ ಒಂದು ಮಧ್ಯಾಹ್ನ ಒಬ್ಬ ರೋಗಿಯ ಪೊಟ್ಯಾಸಿಯಂ ಯದ್ವಾತದ್ವಾ ಜಾಸ್ತಿ ಬಂತು. ಪೊಟ್ಯಾಸಿಯಂ ಸುಮಾರು 3.5ರಿಂದ 5ರೊಳಗೆ ಇರಬೇಕು. ಇದು ಹೃದಯ ನಿಂತೇ ಹೋಗಿರಬೇಕು ಅನ್ನುವಷ್ಟಿತ್ತು. ಕ್ಯಾಲ್ಸಿಯಂ ನೋಡಿದರೆ ಪಾತಾಳದಲ್ಲಿ. ಇಂಥ ಸಂಖ್ಯೆ ಬಂದರೆ ಕೂಡಲೇ ವಾರ್ಡಿಗೆ ಫೋನ್ ಮಾಡಬೇಕು, ಅದು ನಿಯಮ. ನಮ್ಮವರೊಬ್ಬರು ಫೋನಿಗೆ ಕೈ ಹಾಕಿದ್ದರು. ಇವಳು ಹಿಂದಿನಿಂದ ಮೆಲ್ಲಗೆ, "ಸರ್, ಈ ಪೇಷಂಟ್‌ದು ನೇರಳೆ ಟ್ಯೂಬಿನಲ್ಲಿ ರಕ್ತ ಗೆರೆಗಿಂತ ತುಂಬ ಕೆಳಗಿತ್ತು. ಹಳದಿ ಟ್ಯೂಬ್ ಮಾತ್ರ ಗೆರೆ ದಾಟಿತ್ತು" ಅಂದಳು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಟ್ಯೂಬುಗಳ ಒಳಗೆ ನಿರ್ವಾತ ಇರುತ್ತದೆ. ಎಷ್ಟು ಬೇಕೋ ಅಷ್ಟೇ ರಕ್ತವನ್ನು ಅವೇ ಎಳೆದುಕೊಳ್ಳುತ್ತವೆ. ಒಂದು ಕಡಿಮೆ, ಇನ್ನೊಂದು ಜಾಸ್ತಿ ಅಂದರೆ ಯಾರೋ ಮುಚ್ಚಳ ತೆಗೆದು ಒಂದರಿಂದ ಇನ್ನೊಂದಕ್ಕೆ ಸುರಿದಿದ್ದಾರೆ ಅಂತ ಅನುಮಾನ ಬರಬೇಕು. ನೇರಳೆ ಟ್ಯೂಬಿನಲ್ಲಿ ಇಡಿಟಿಎ ಇರುತ್ತದೆ, ಅದೂ ಪೊಟ್ಯಾಸಿಯಂ ಉಪ್ಪಿನ ರೂಪದಲ್ಲಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಪೊಟ್ಯಾಸಿಯಂ, ಕ್ಯಾಲ್ಸಿಯಂ ನೋಡುವುದು ಹಳದಿ ಟ್ಯೂಬಿನ ರಕ್ತದಲ್ಲಿ. ನೇರಳೆ ಟ್ಯೂಬಿನ ರಕ್ತ ಅದಕ್ಕೆ ಬಿದ್ದರೆ ಪೊಟ್ಯಾಸಿಯಂ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಕೂಡ ಕುಸಿಯುತ್ತದೆ, ಏಕೆಂದರೆ ಆ ಕಿಣ್ವಕ್ಕೆ ಬೇಕಾದ ಸತು ಮತ್ತು ಮೆಗ್ನೀಸಿಯಂ ಅನ್ನೂ ಇಡಿಟಿಎ ಕಸಿದುಕೊಳ್ಳುತ್ತದೆ. ನೋಡಿದರೆ ಅದೂ ಕುಸಿದಿತ್ತು.

ವಾರ್ಡಿಗೆ ಫೋನ್ ಹೋಯಿತು. ಆದರೆ "ಪೊಟ್ಯಾಸಿಯಂ ಇಳಿಸಿ" ಅಂತಲ್ಲ, "ಈ ಸ್ಯಾಂಪಲ್ ನಂಬಬೇಡಿ, ಇನ್ನೊಂದು ಕಳಿಸಿ" ಅಂತ. ಎರಡನೇ ಸ್ಯಾಂಪಲ್‌ನಲ್ಲಿ ಎಲ್ಲ ಸರಿಯಾಗಿತ್ತು. ಇಲ್ಲದ ಪೊಟ್ಯಾಸಿಯಂ ಇಳಿಸಲು ಔಷಧ ಕೊಟ್ಟಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ. ಅವಳು ಅದನ್ನು ಕಂಡದ್ದು ಯಾವ ದೊಡ್ಡ ಯಂತ್ರದ ಮುಂದೆಯೂ ಅಲ್ಲ. ಲೇಬಲ್ ಅಂಟಿಸುವಾಗ ಟ್ಯೂಬನ್ನು ಕಣ್ಣಿಟ್ಟು ನೋಡಿದ್ದಳು, ಅಷ್ಟೇ. ನಾನು ಎಲ್ಲರೆದುರು ಹೊಗಳಿದೆ. ಮಾರನೇ ದಿನ ಬಂದು, "ಮೇಡಂ, ಪಿಸಿಆರ್‌ಗೆ ಯಾವಾಗ ಹಾಕ್ತೀರಾ?" ಅಂದಳು.

ಈಗ ಇನ್ನೊಂದು ಮಾತು. "ಸಂಬಳ ಕೊಡದೆ ದುಡಿಸಿಕೊಳ್ಳುತ್ತೀರಿ" ಅಂತ ಕೆಲವರು ನೇರವಾಗಿಯೇ ಹೇಳುತ್ತಾರೆ. ಸ್ವಾಮಿ, ಒಬ್ಬ ವಿದ್ಯಾರ್ಥಿ ಬಂದರೆ ನನ್ನ ಕೆಲಸ ಕಡಿಮೆ ಆಗುವುದಿಲ್ಲ. ಹತ್ತು ನಿಮಿಷದ್ದು ಅರ್ಧ ಗಂಟೆ ಹಿಡಿಯುತ್ತದೆ. ಮೇಣದ ಬ್ಲಾಕಿನಲ್ಲಿ ಕೂರಿಸಿದ ಅಂಗಾಂಶವನ್ನು ತೆಳ್ಳಗೆ ಕತ್ತರಿಸುವ ಮೈಕ್ರೋಟೋಮ್‌ನಲ್ಲಿ ಮೂರು ನಾಲ್ಕು ಮೈಕ್ರಾನ್ ದಪ್ಪದ ಪದರ ಕತ್ತರಿಸಲು ಕಲಿಸಿ ನೋಡಿ, ಆಮೇಲೆ ಮಾತಾಡೋಣ. ಮೊದಮೊದಲು ಮೇಣದ ಪದರ ಸುಕ್ಕಾಗುತ್ತದೆ, ಹರಿಯುತ್ತದೆ, ನೀರಿನ ಮೇಲೆ ತೇಲಿಬಿಟ್ಟರೆ ಮಡಚಿಕೊಳ್ಳುತ್ತದೆ. ರೋಗಿಯ ಬಯಾಪ್ಸಿ ಇರುವುದೇ ಚೂರು, ಅದನ್ನು ಕಲಿಯಲು ಕೊಡಲಾಗುವುದಿಲ್ಲ. ಅದಕ್ಕೆ ಬೇರೆ ಬ್ಲಾಕ್ ಹುಡುಕಿ ಇಟ್ಟಿರಬೇಕು. ಇದೆಲ್ಲ ನನ್ನ ದಿನದ ಕೆಲಸದ ಮೇಲೆ.

ಹಾಗಂತ ಆ ದೂರು ಪೂರ್ತಿ ಸುಳ್ಳು ಅಂತಲೂ ಅನ್ನುವುದಿಲ್ಲ. ವಿದ್ಯಾರ್ಥಿಯನ್ನು ಮೂರು ತಿಂಗಳು ಒಂದೇ ಟೇಬಲ್ಲಿನಲ್ಲಿ ಕೂರಿಸುವ ಲ್ಯಾಬುಗಳೂ ಇವೆ. ಅದು ತರಬೇತಿ ಅಲ್ಲ. ಅಲ್ಲಿ ಮುಖ ಊದಿಸಿಕೊಂಡರೆ ಸಾಲದು. ನಿಮ್ಮ ವಿಶ್ವವಿದ್ಯಾಲಯದಲ್ಲಿ ಪ್ಲೇಸ್‌ಮೆಂಟ್ ನೋಡಿಕೊಳ್ಳುವವರಿಗೆ ಬರೆದು ತಿಳಿಸಿ. ಯಾವ ವಾರ ಯಾವ ವಿಭಾಗ ಅನ್ನುವ ಪಟ್ಟಿ ಮೊದಲ ದಿನವೇ ಕೇಳಿ. ಕೊಡಲು ಆಗದ ಲ್ಯಾಬು ಯೋಚಿಸಿಯೇ ಇಲ್ಲ ಅಂತ ತಿಳಿಯಿರಿ.

ಮತ್ತೆ, ರೋಗಿಯ ವರದಿಗೆ ನೀವು ಸಹಿ ಹಾಕುವ ಹಾಗಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ವೈದ್ಯಕೀಯ ಲ್ಯಾಬುಗಳಿಗೆ ಐಎಸ್ಒ 15189 ಅನ್ನುವ ಮಾನದಂಡ ಇದೆ. ಯಾರು ಯಾವ ಕೆಲಸಕ್ಕೆ ತಯಾರಾಗಿದ್ದಾರೆ ಅನ್ನುವುದಕ್ಕೆ ಅದರ ಪ್ರಕಾರ ದಾಖಲೆ ಇರಬೇಕು. ನಿಮ್ಮ ದಾಖಲೆ ಇನ್ನೂ ಖಾಲಿ. ಅದನ್ನು ತುಂಬಿಸಲೇ ನೀವು ಬರುವುದು.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: "ಈ ಫಲಿತಾಂಶ ಸರಿ ಅಂತ ನಿಮಗೆ ಹೇಗೆ ಗೊತ್ತು?" ಇದನ್ನು ಕೇಳಿದರೆ ಕುರ್ಚಿ ಎಳೆದು ಕೂರಿಸಿ ಮಾತಾಡುತ್ತೇನೆ.

ಯಂತ್ರ ಸಂಖ್ಯೆ ಕೊಟ್ಟೇ ಕೊಡುತ್ತದೆ. ಅದನ್ನು ನಂಬಬೇಕೋ ಬೇಡವೋ ಅನ್ನುವುದೇ ನಮ್ಮ ಕಸುಬು. ರೋಗಿಗಳ ರಕ್ತದ ಜೊತೆ ಉತ್ತರ ಮೊದಲೇ ಗೊತ್ತಿರುವ ಕಂಟ್ರೋಲ್ ಸ್ಯಾಂಪಲ್ ಓಡಿಸುತ್ತೇವೆ. ಅದರ ಉತ್ತರವನ್ನು ದಿನಾ ಒಂದು ನಕ್ಷೆಯಲ್ಲಿ ಗುರುತಿಸುತ್ತೇವೆ. ಲೆವಿ ಮತ್ತು ಜೆನ್ನಿಂಗ್ಸ್ 1950ರಲ್ಲಿ ಲ್ಯಾಬಿಗೆ ತಂದ ಪದ್ಧತಿ ಇದು. ಉತ್ತರ ಸಹಜವಾಗಿ ಎಷ್ಟು ಅತ್ತಿತ್ತ ಆಗುತ್ತದೆ ಅನ್ನುವುದರ ಅಳತೆಗೆ ಎಸ್‌ಡಿ ಅನ್ನುತ್ತಾರೆ. ನಡುಗೆರೆಯಿಂದ ಎರಡು ಎಸ್‌ಡಿ ಆಚೆ ಬಿದ್ದರೆ ಎಚ್ಚರ. ಆದರೆ ಯಂತ್ರ ಸರಿಯಿದ್ದರೂ ಸುಮಾರು ಇಪ್ಪತ್ತರಲ್ಲಿ ಒಂದು ಬಿಂದು ಹಾಗೆ ಬೀಳುತ್ತದೆ. ಎಲ್ಲಿ ಸುಮ್ಮನಿರಬೇಕು, ಎಲ್ಲಿ ಕೆಲಸ ನಿಲ್ಲಿಸಬೇಕು ಅನ್ನುವುದಕ್ಕೆ ವೆಸ್ಟ್‌ಗಾರ್ಡ್ 1981ರಲ್ಲಿ ನಿಯಮಗಳನ್ನು ಕಟ್ಟಿಕೊಟ್ಟರು. ಪರೀಕ್ಷೆಯಲ್ಲಿ ನೀವೆಲ್ಲ ಇದನ್ನು ಗಿಣಿಪಾಠ ಒಪ್ಪಿಸಿರುತ್ತೀರಿ. ಇಲ್ಲಿ ಬಂದ ಮೇಲೆ ಏನು ಮಾಡುತ್ತೀರಿ? ಕಂಟ್ರೋಲ್ ಹೊರಗೆ ಬಿತ್ತು ಅಂದರೆ ಅದು ಒಳಗೆ ಬರುವ ತನಕ ಮತ್ತೆ ಮತ್ತೆ ಓಡಿಸುತ್ತೀರಿ! ಒಳಗೆ ಬಂದ ಕೂಡಲೇ ಸಮಾಧಾನ. ಹಾಗೆ ಓಡಿಸುತ್ತಾ ಹೋದರೆ ಕೆಟ್ಟ ಯಂತ್ರವೂ ಒಂದಲ್ಲ ಒಂದು ಸಲ ಸರಿ ಉತ್ತರ ಕೊಡುತ್ತದೆ ಮಾರಾಯರೇ.

ಇದಕ್ಕಿಂತ ಸೂಕ್ಷ್ಮವಾದದ್ದೂ ಇದೆ. ಎಲ್ಲ ಬಿಂದುಗಳೂ ಒಳಗೇ ಇರುತ್ತವೆ, ಆದರೆ ಸತತವಾಗಿ ಹತ್ತು ಬಿಂದು ನಡುಗೆರೆಯ ಒಂದೇ ಬದಿಗೆ. ಯಂತ್ರ ಕೂಗುವುದಿಲ್ಲ, ಕೆಂಪು ದೀಪ ಬರುವುದಿಲ್ಲ. ಏನೋ ಮೆಲ್ಲಗೆ ಸರಿದಿದೆ, ಪರೀಕ್ಷೆಗೆ ಹಾಕುವ ಹೊಸ ರೀಏಜೆಂಟ್ ಇರಬಹುದು, ಯಂತ್ರದ ಅಳತೆ ಹೊಂದಿಸುವ ಕ್ಯಾಲಿಬ್ರೇಶನ್ ಇರಬಹುದು. ಅದನ್ನು ಕಂಡು "ಮೇಡಂ, ಇದು ಯಾಕೆ ಹೀಗೆ?" ಅಂದವರನ್ನು ನಾನು ಯಾವ ವಿಭಾಗಕ್ಕೆ ಬೇಕಾದರೂ ಕಳಿಸುತ್ತೇನೆ. ಪಿಸಿಆರ್‌ಗೂ.

ಇನ್ನು, ಬರುವುದು ಖಾತ್ರಿ ಅನ್ನುವವರಿಗೆ. ಹೆಪಟೈಟಿಸ್ ಬಿ ಲಸಿಕೆ ಈಗಲೇ ಶುರು ಮಾಡಿ. ಸಾಮಾನ್ಯವಾಗಿ ಮೂರು ಡೋಸ್, ಮೊದಲನೆಯದಕ್ಕೂ ಕೊನೆಯದಕ್ಕೂ ಆರು ತಿಂಗಳ ಅಂತರ. ಆಮೇಲೆ ಆಂಟಿಬಾಡಿ ಪರೀಕ್ಷೆ. ಹೋದ ವಾರ ನೆನಪಾಯಿತು ಅಂದರೆ ನಾನೇನೂ ಮಾಡಲಾರೆ. ಪಾದ ಪೂರ್ತಿ ಮುಚ್ಚುವ ಶೂ ಬೇಕು. ಒಳಗೆ ಫೋನ್ ಇಲ್ಲ. ಪರಿಚಯದವರ ರಿಪೋರ್ಟ್ ಇಣುಕಿ ನೋಡಿದರೆ ಅವತ್ತೇ ಮನೆಗೆ ಕಳಿಸುತ್ತೇನೆ, ನಿಮ್ಮ ಸ್ವಂತ ಅಮ್ಮನದಾದರೂ ಅಷ್ಟೇ.

ಮತ್ತೆ ಮೇಲ್ ಬರೆಯುವಾಗ ಯಾವ ತಿಂಗಳು ಬರುತ್ತೀರಿ, ಎಷ್ಟು ವಾರ ಇರುತ್ತೀರಿ, ಪ್ರಾಜೆಕ್ಟ್ ಇಲ್ಲೇ ಮಾಡಬೇಕಾ ಅನ್ನುವುದನ್ನು ಮೊದಲ ಸಾಲಿನಲ್ಲೇ ಹಾಕಿ. ಒಂದೇ ಮೇಲನ್ನು ಕಂಡ ಕಂಡ ಲ್ಯಾಬಿಗೆಲ್ಲ ಒಟ್ಟಿಗೆ ಕಳಿಸಿ, "ನಿಮ್ಮ ಲ್ಯಾಬೇ ನನ್ನ ಮೊದಲ ಆಯ್ಕೆ" ಅಂತ ಬರೆಯಬೇಡಿ. ಉಳಿದವರ ವಿಳಾಸ ನಮಗೆಲ್ಲ ಕಾಣಿಸುತ್ತೆ.