ಹಿಂದೆ ಹಿಡಿಯುವವರಿಗೆ ಬರೆದ ಪದ

ಪದ ಬರೆಯುವುದನ್ನು ನಾನು ನಿಜವಾಗಿ ಕಲಿತದ್ದು ಐವತ್ತು ದಾಟಿದ ಮೇಲೆ, 2024ರ ಆಗಸ್ಟ್ 12ರ ಸೋಮವಾರ ರಾತ್ರಿ. ಅಷ್ಟು ಹೊತ್ತಿಗೆ ನಲವತ್ತು ವರ್ಷ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿದ್ದೆ, ನಾಟಕಗಳಿಗೂ ಭಜನಾ ಮೇಳಗಳಿಗೂ ನೂರಾರು ಪದ ಬರೆದುಕೊಟ್ಟಿದ್ದೆ.

ಅದಕ್ಕೆ ಎರಡು ದಿನ ಮೊದಲು, ಶನಿವಾರ ರಾತ್ರಿ, ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಗಿತ್ತು. ನಮ್ಮೂರು ಮಾನ್ವಿ ತಾಲ್ಲೂಕಿನಲ್ಲಿದೆ, ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ. 220 ಕಿ.ಮೀ.ಗೂ ಉದ್ದವಾದ ಆ ಕಾಲುವೆಯಲ್ಲಿ ಮೇಲಿನವರು ಭತ್ತಕ್ಕೆ ಕಟ್ಟಿಕೊಂಡು ಉಳಿದ ನೀರು ನಮ್ಮ ಪಾಲಿಗೆ. ಅಣೆಕಟ್ಟು ತುಂಬಿದ ವರ್ಷವೂ ನಮಗೆ ಕಾಯುವುದು ತಪ್ಪುವುದಿಲ್ಲ. ಈಗ ತುಂಬಿದ ನೀರೇ ಹೊಳೆಗೆ ಹರಿದು ಹೋಗುತ್ತಿತ್ತು. ಭಾನುವಾರ ಇಡೀ ದಿನ ಕಟ್ಟೆಯ ಮೇಲೆ ಬೇರೆ ಮಾತಿರಲಿಲ್ಲ. ನಾನು ಮನೆಗೆ ಬಂದು ವಹಿ ತೆಗೆದು ಕುಳಿತೆ. ಬೆಳಗಾಗುವುದರೊಳಗೆ ಐದು ನುಡಿಯ, ಅಂದರೆ ಐದು ಚರಣದ, ಪದ ಸಿದ್ಧವಾಗಿತ್ತು.

ಶ್ರಾವಣದ ಮೊದಲನೆಯ ವಾರ ಕಳೆದು ಎರಡನೆಯ ಸೋಮವಾರ. ಹನುಮಪ್ಪನ ಗುಡಿಯಲ್ಲಿ ಭಜನೆ. ಮೋಡ ಮುಸುಕಿದ ದಿನಗಳಲ್ಲಿ ದಮ್ಮಡಿ ಎಂಬ ನಮ್ಮ ತಾಳವಾದ್ಯದ ಚರ್ಮ ತೇವ ಹಿಡಿದು ಸಡಿಲಾಗುತ್ತದೆ. ನಮ್ಮ ಮೇಳದ ಹಿರಿಯ ಅಜ್ಜ ಗುಡಿಯ ಮುಂದೆ ಹತ್ತಿಕಟ್ಟಿಗೆಯ ಬೆಂಕಿ ಮಾಡಿ ದಮ್ಮಡಿಯನ್ನು ಅದರ ಮೇಲೆ ತಿರುಗಿಸುತ್ತಿದ್ದ. ಬೆರಳಿನಿಂದ ತಟ್ಟುವುದು, ಕಿವಿಗಿಟ್ಟು ಕೇಳುವುದು, ಮತ್ತೆ ಬೆಂಕಿಗೆ ಹಿಡಿಯುವುದು. ದನಿ ಬಿಗಿಯಾಗಿ ಏಳುವವರೆಗೆ ಅವನು ಒಳಗೆ ಬರುವವನಲ್ಲ. ಅವನು ಬಂದು ಕುಳಿತ ಮೇಲೆ ನಾನು ಹೊಸ ಪದ ಎತ್ತಿದೆ:

ಹತ್ತೊಂಬತ್ತನೆಯ ಗೇಟಿನ ಸರಪಳಿ ಕಡಿದು ಹರಿಯಿತು ಜಲರಾಶಿ...

ನಾನು ಎತ್ತಿದ ಸಾಲನ್ನು ತಿರುಗಿ ಹಾಡಿ ಹಿಂದೆ ಹಿಡಿಯಬೇಕಾದವರು ‘ಹತ್ತೊಂಬತ್ತನೆಯ’ ಎಂಬಲ್ಲಿಯೇ ಮುಗ್ಗರಿಸಿದರು. ಎರಡನೆಯ ಸಲ ಅರ್ಧದವರೆಗೆ ಬಂದರು, ಮೂರನೆಯ ಸಲ ಬಾಯಿಬಿಟ್ಟು ಕೇಳುತ್ತ ಕುಳಿತರು. ಐದೂ ನುಡಿಗಳನ್ನು ನಾನೊಬ್ಬನೇ ಹಾಡಿ ಮುಗಿಸಿದೆ. ಅಜ್ಜ ದಮ್ಮಡಿಯನ್ನು ತೊಡೆಯ ಮೇಲೆ ಮಲಗಿಸಿ, "ತಮ್ಮಾ, ಪದ ಚೆನ್ನಾಗಿದೆ. ಆದರೆ ಇದರಲ್ಲಿ ನಮಗೆ ಜಾಗ ಇಲ್ಲವಲ್ಲ" ಎಂದ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವನು ಹೇಳಿದ್ದು ನನಗೆ ಹುಟ್ಟಿನಿಂದಲೇ ಗೊತ್ತಿರಬೇಕಾದ ಮಾತಾಗಿತ್ತು.

ನನ್ನ ಕಿವಿಗೆ ಬಿದ್ದ ಮೊದಲ ಹಾಡು ನನ್ನ ಅವ್ವನದು. ಹೊಲದಲ್ಲಿ ಸಾಲಾಗಿ ಬಗ್ಗಿ ನಾಟಿ ಮಾಡುವಾಗ ಅವ್ವ ಒಂದು ಸೊಲ್ಲು ಎತ್ತುತ್ತಿದ್ದಳು, ಉಳಿದ ಹೆಂಗಸರು ಅದನ್ನು ಹಿಡಿಯುತ್ತಿದ್ದರು. ಅವರು ಹಾಡುವಷ್ಟು ಹೊತ್ತು ಅವಳಿಗೆ ಉಸಿರು ಸಿಗುತ್ತಿತ್ತು, ಮುಂದಿನ ಸೊಲ್ಲು ನೆನಪಾಗುತ್ತಿತ್ತು. ಅವರ ಕೈಯಲ್ಲಿನ ಸಸಿ ನೆಲಕ್ಕೆ ಇಳಿಯುವುದೂ ಸೊಲ್ಲು ಬೀಳುವುದೂ ಒಂದೇ ಗಳಿಗೆಗೆ. ಮೊಹರಂ ಬಂತೆಂದರೆ ಅಲಾಯಿ ಕುಣಿಯ, ಅಂದರೆ ಬೆಂಕಿಯ ಗುಂಡಿಯ, ಸುತ್ತ ಎಲ್ಲ ಜಾತಿಯ ಗಂಡಸರೂ ಹೆಜ್ಜೆ ಹಾಕುತ್ತಿದ್ದರು. ಕರ್ಬಲಾ ಯುದ್ಧದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹೇಳುವುದು ನಮ್ಮ ಕಡೆಯ ದೊಡ್ಡ ಸಂಪತ್ತು. ಅಲ್ಲಿಯೂ ಹಾಗೆಯೇ, ಮುಂದಿನವನು ಕೊಡುತ್ತಾನೆ, ಹಿಂದಿನವರು ತಿರುಗಿಸಿ ಕೊಡುತ್ತಾರೆ. ಅಪ್ಪನ ಹೆಗಲ ಮೇಲೆ ಕುಳಿತು ಮುದಗಲ್ಲಿನ ಮೊಹರಂ ನೋಡಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಅಷ್ಟು ಜನ ಒಂದೇ ಸೊಲ್ಲಿಗೆ ಒಂದೇ ಹೆಜ್ಜೆ ಇಡುವಾಗ ನೆಲ ಅದುರುತ್ತಿತ್ತು.

ಹನ್ನೆರಡನೆಯ ವಯಸ್ಸಿಗೆ ಪೇಟಿ ಕಲಿಯಲು ಹೋದೆ. ನನ್ನ ಮಾಸ್ತರರಿಗೆ ಕಣ್ಣಿರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮ ಇಲ್ಲದಿದ್ದರೆ ನಮ್ಮ ಸೀಮೆಯ ಎಷ್ಟು ಹಳ್ಳಿಗಳಿಗೆ ಸ್ವರಜ್ಞಾನ ಬರುತ್ತಿರಲಿಲ್ಲವೋ! ಮಾಸ್ತರರು ನನ್ನ ಬೆನ್ನಿಗೆ ಅಂಗೈ ಇಟ್ಟು ಉಸಿರು ನೋಡುತ್ತಿದ್ದರು. "ಮೊದಲು ಅನ್ನು, ಆಮೇಲೆ ಹಾಡು" ಎನ್ನುತ್ತಿದ್ದರು. ಪೇಟಿ ಮುಟ್ಟದೆ ಬರೀ ಮಾತಿನಂತೆ ಪದವನ್ನು ಅನ್ನಬೇಕು. ಅನ್ನುವಾಗ ಎಲ್ಲಿ ಉಸಿರು ಸಾಲದೋ ಅಲ್ಲಿ ಅವರ ಅಂಗೈ ಬೆನ್ನನ್ನು ಒತ್ತುತ್ತಿತ್ತು. ಮಾನ್ವಿಯ ಜಗನ್ನಾಥದಾಸರ, ಚೀಕಲಪರ್ವಿಯ ವಿಜಯದಾಸರ ಪದಗಳನ್ನು ಹಾಗೆಯೇ ಅನ್ನಿಸಿದರು. ಅವುಗಳಲ್ಲಿ ಉಸಿರು ಎಲ್ಲಿಯೂ ಕಡಿಯುವುದಿಲ್ಲ. ಆಗ ಅದು ದಾಸರ ಭಕ್ತಿಯ ಶಕ್ತಿ ಎಂದುಕೊಂಡಿದ್ದೆ. ಭಕ್ತಿ ಹೌದು, ಜೊತೆಗೆ ಹಾಡಿಕೊಂಡು ಊರೂರು ತಿರುಗಿದವರ ಲೆಕ್ಕವೂ ಹೌದು.

ಹದಿನೇಳರಿಂದ ನಾಟಕಗಳ ದುಡಿಮೆ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಊರೂರಿನ ಹುಡುಗರು ಸಾಮಾಜಿಕ ನಾಟಕ ಹಿಡಿಯುತ್ತಾರೆ, ನಮಗೆ ವೀಳ್ಯ ಕೊಟ್ಟು ಹೋಗುತ್ತಾರೆ. ತಿಂಗಳುಗಟ್ಟಲೆ ತಾಲೀಮು, ಒಂದು ರಾತ್ರಿಯ ಆಟ. ಪೇಟಿಯ ಜಾಗಕ್ಕೆ ಕ್ಯಾಸಿಯೋ ಕೀಬೋರ್ಡ್ ಬಂತು, ತಬಲಾದ ಪಕ್ಕಕ್ಕೆ ವಿದ್ಯುತ್ತಿನ ತಾಳದ ಪ್ಯಾಡ್ ಬಂತು, ನಾನೂ ಕಲಿತೆ. ಹಾಡು ಬರೆಯಲು ಕುಳಿತದ್ದೂ ಅಲ್ಲಿಯೇ. ಮೇಲೆ ‘ಧಾಟಿ’ ಎಂದು ಬರೆದು ಯಾವುದೋ ಹೆಸರಾದ ಹಾಡನ್ನು ಹಾಕುವುದು, ಕೆಳಗೆ ನಮ್ಮ ಮಾತನ್ನು ತುಂಬುವುದು. ಧಾಟಿಗೆ ಬರೆಯುವುದನ್ನು ಕೀಳಾಗಿ ನೋಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಾತ್ರೆಯ ಶಿಸ್ತು ನನಗೆ ಬಂದದ್ದು ಅದರಿಂದಲೇ. ಆದರೆ ನಾಟಕದ ಹಾಡು ಒಬ್ಬ ನಟನ ಹಾಡು. ಅವನ ಶ್ರುತಿ ಪೇಟಿಯ ಯಾವ ಮನೆಯದು, ಕರಿ ಒಂದರಲ್ಲಿ ಹಾಡುತ್ತಾನೋ ಬಿಳಿ ನಾಲ್ಕರಲ್ಲೋ ನೋಡಿ ಅವನ ಗಂಟಲಿಗೆ ಹೊಲಿದುಕೊಟ್ಟರೆ ಸಾಕು. ಜನ ಎದುರಿಗೆ ಕುಳಿತು ಕೇಳುತ್ತಾರೆ, ಯಾರೂ ಹಿಂದೆ ಹಿಡಿಯುವುದಿಲ್ಲ. ಮೂವತ್ತು ವರ್ಷ ಹಾಗೆ ಬರೆದು ಬರೆದು, ಹಿಂದಿನವರು ನನ್ನ ಲೆಕ್ಕದಿಂದಲೇ ಬಿಟ್ಟುಹೋಗಿದ್ದರು.

ಇದನ್ನು ಮಂಗಳವಾರ ಬೆಳಿಗ್ಗೆ ಕಂಡುಕೊಂಡೆ. ಮಾಸ್ತರರು ಕಲಿಸಿದಂತೆ, ಬರೆದ ಪದವನ್ನು ಮೊದಲು ಅಂದು ನೋಡಿದೆ. ಅದರಲ್ಲಿದ್ದದ್ದು ಪತ್ರಿಕೆಯ ಸುದ್ದಿ. ಗೇಟಿನ ಸಂಖ್ಯೆ ಊರಿನ ಎಲ್ಲರಿಗೂ ಗೊತ್ತಿತ್ತು, ಅದನ್ನು ನಾನು ಹಾಡಿ ತಿಳಿಸಬೇಕಾಗಿರಲಿಲ್ಲ. ಕಟ್ಟೆಯ ಮೇಲೆ ಜನ ಒಬ್ಬರನ್ನೊಬ್ಬರು ಕೇಳುತ್ತಿದ್ದ ಪ್ರಶ್ನೆ ಒಂದೇ, ನಮಗೆ ನೀರು ಬರುತ್ತದೆಯೇ? ಐದೂ ನುಡಿಗಳನ್ನು ಹೊಡೆದು ಹಾಕಿ, ವಾರವೆಲ್ಲ ತಿದ್ದಿ, ಪಲ್ಲವಿಯನ್ನು ಇಷ್ಟಕ್ಕೆ ನಿಲ್ಲಿಸಿದೆ:

ನೀರು ಬಂತೆ ತಂಗಿ ನಮ್ಮ
ಊರ ಕೊನೆಯ ಹೊಲಕೆ

ಪದ ತೋರಿಸಲು ನನ್ನ ಹತ್ತಿರ ಬರುವ ಹುಡುಗ ಹುಡುಗಿಯರಿಗೆ ಈ ಎರಡು ಸಾಲುಗಳನ್ನೇ ಬಿಡಿಸಿ ಹೇಳುತ್ತೇನೆ. ದಾದರಾ ತಾಳದ ನಡೆ, ಮೂರು ಮೂರು ಮಾತ್ರೆಯ ಗುಂಪು. ನೀರು, ಬಂತೆ, ತಂಗಿ, ನಮ್ಮ: ಒಂದೊಂದೂ ಮೂರು ಮಾತ್ರೆ, ಒಂದೊಂದೂ ಬಿಡಿ ಮಾತು. ಯಾವ ಮಾತೂ ಗುಂಪಿನ ಗಡಿ ದಾಟಿ ಒಡೆಯುವುದಿಲ್ಲ, ಆದ್ದರಿಂದ ಒಮ್ಮೆ ಕೇಳಿದವರು ಹಿಡಿಯುತ್ತಾರೆ. ‘ನೀರು’, ‘ಊರ’ ಎರಡರಲ್ಲೂ ಮೊದಲು ದೀರ್ಘ, ಎರಡನೆಯದು ರಕಾರ. ಈ ಪ್ರಾಸ ಅಲಂಕಾರಕ್ಕಲ್ಲ, ಹಿಂದಿನವರಿಗೆ ಮುಂದಿನ ಸಾಲಿನ ಬಾಗಿಲು ಎಲ್ಲಿದೆ ಎಂದು ಇದು ತೋರಿಸುತ್ತದೆ. ಎರಡನೆಯ ಸಾಲಿನಲ್ಲಿ ಒಂಬತ್ತೇ ಮಾತ್ರೆ ಇದೆ. ಹನ್ನೆರಡು ತುಂಬಿಸಲು ಬರುತ್ತಿತ್ತು, ತುಂಬಿಸಲಿಲ್ಲ. ಉಳಿದ ಮೂರು ಉಸಿರಿಗೆ.

ಮುಂದಿನ ಸೋಮವಾರ ಬರುವಷ್ಟರಲ್ಲಿ ಅಣೆಕಟ್ಟಿನಲ್ಲಿ ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಇಳಿಸಿದ್ದರು. ಜೀವದ ಹಂಗು ತೊರೆದು ದುಡಿದ ಆ ಕೆಲಸಗಾರರನ್ನು ನೆನೆದೇ ಅಂದು ಭಜನೆ ಶುರು ಮಾಡಿದೆವು. ನಾನು ಪಲ್ಲವಿ ಎತ್ತಿದೆ. ಎರಡನೆಯ ಸಲಕ್ಕೆ ಮೇಳ ಹಿಡಿಯಿತು. ಮೂರನೆಯ ಸಲಕ್ಕೆ ಅಜ್ಜ ಕಣ್ಣು ಮುಚ್ಚಿ, ನಾನು ಖಾಲಿ ಬಿಟ್ಟ ಜಾಗದಲ್ಲಿ ದಮ್ಮಡಿಗೆ ಒಂದು ಗಟ್ಟಿ ಪೆಟ್ಟು ಹಾಕಿದ. ಅಷ್ಟರಲ್ಲಿ ಗುಡಿಯ ಹೊರಕಟ್ಟೆಯಲ್ಲಿ ಕುಳಿತಿದ್ದ ಹೆಂಗಸರ ಗುಂಪಿನಿಂದ ಅದೇ ಜಾಗಕ್ಕೆ ಒಂದು ದನಿ ಬಂತು: "ಬಂತೆ?"

ನೀರು ಬಂತೆ ತಂಗಿ ನಮ್ಮ
ಊರ ಕೊನೆಯ ಹೊಲಕೆ, ಬಂತೆ?

ಸರಿಯಾಗಿ ಮೂರು ಮಾತ್ರೆ. ಈಗ ನನ್ನ ವಹಿಯಲ್ಲಿ ಆ ಸಾಲು ಹೀಗೆಯೇ ಇದೆ, ಆ ಹೆಂಗಸರು ಹಾಡಿದಂತೆ.