ಒಂದು ಸುತ್ತು ಹಾಕ್ಕೊಂಡು ಬರ್ತೀನಿ

ಜೂನ್ 8, 2024, ಶನಿವಾರ
ನ್ಯಾಶ್‌ವಿಲ್

ರಾತ್ರಿ ಮಲಗಿದಾಗ ಒಂದೂವರೆ ಆಗಿತ್ತು. ಆದರೂ ಆರಕ್ಕೇ ಎಚ್ಚರವಾಯಿತು. ಮಕ್ಕಳು ಏಳುವುದಕ್ಕೆ ಮೊದಲು ಇದನ್ನು ಬರೆದಿಡಬೇಕು ಅಂತ ಕಾಫಿ ಲೋಟ ಹಿಡಿದು ಕೂತಿದ್ದೇನೆ.

ನಿನ್ನೆ ಕಂಟ್ರಿ ಗಾಯಕಿ ಲೇನಿ ವಿಲ್ಸನ್ ಗ್ರ್ಯಾಂಡ್ ಓಲ್ ಆಪ್ರಿಯ ಸದಸ್ಯೆಯಾದಳು. ಕಂಟ್ರಿ ಅಂದರೆ ಅಮೆರಿಕದ ಹಳ್ಳಿಗಾಡಿನ ಧಾಟಿಯ ಹಾಡು. ನನಗಿಂತ ಚಿಕ್ಕವಳು, ಮನೆಯ ಹುಡುಗಿಯ ಹಾಗೆ ಅನ್ನಿಸುತ್ತಾಳೆ. ಅದಕ್ಕೇ ಏಕವಚನ. ಆಪ್ರಿ ಅಂದರೆ ಇಲ್ಲಿನ ಕಂಟ್ರಿ ಹಾಡುಗಾರರಿಗೆ ಗುಡಿ ಇದ್ದ ಹಾಗೆ. 1925ರಲ್ಲಿ ರೇಡಿಯೋ ಕಾರ್ಯಕ್ರಮವಾಗಿ ಶುರುವಾಗಿದ್ದು. 2025ಕ್ಕೆ ನೂರು ತುಂಬುತ್ತದೆ. ಇವತ್ತಿಗೂ ಅದೇ ಡಬ್ಲ್ಯೂಎಸ್‌ಎಂ ಕೇಂದ್ರದಲ್ಲಿ, 650 ಎಎಂನಲ್ಲಿ ಬರುತ್ತದೆ. ವೇದಿಕೆಯ ನಡುವೆ ಆರು ಅಡಿ ಅಗಲದ ಒಂದು ಮರದ ವೃತ್ತ ಇದೆ. ಮೊದಲು ಆಪ್ರಿ ನಡೆಯುತ್ತಿದ್ದದ್ದು ರೈಮನ್ ಸಭಾಂಗಣದಲ್ಲಿ. 1974ರಲ್ಲಿ ಹೊಸ ಕಟ್ಟಡಕ್ಕೆ ಬರುವಾಗ ಹಳೇ ವೇದಿಕೆಯ ಹಲಗೆಯನ್ನು ಕತ್ತರಿಸಿ ತಂದು ಇಲ್ಲಿ ಕೂರಿಸಿದರು. ಹಳೇ ಮನೆಯ ಹೊಸಿಲನ್ನು ಬಿಚ್ಚಿ ತಂದು ಹೊಸ ಮನೆಗೆ ಹಾಕಿಕೊಂಡ ಹಾಗೆ. ಎಷ್ಟು ದೊಡ್ಡವರಾದರೂ ಅದರ ಮೇಲೆ ನಿಂತು ಹಾಡುವಾಗ ಒಂದು ಸಲ ಕೆಳಗೆ ನೋಡುತ್ತಾರೆ.

ನಿನ್ನೆ ಗಾರ್ತ್ ಬ್ರೂಕ್ಸ್ ಮತ್ತು ಟ್ರಿಶಾ ಇಯರ್‌ವುಡ್ ಅವಳನ್ನು ಆಪ್ರಿಗೆ ಸೇರಿಸಿಕೊಂಡರು. ನಾನು ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ನಾಳೆಯ ದೋಸೆಗೆ ಹಿಟ್ಟು ರುಬ್ಬುತ್ತಿದ್ದೆ. ಅವಳ ದನಿ ಬಂದ ತಕ್ಷಣ ಗ್ರೈಂಡರ್ ಆಫ್ ಮಾಡಿ ಹಾಗೇ ನಿಂತುಬಿಟ್ಟೆ. ಕಣ್ಣು ತುಂಬಿ ಬಂತು.

ಯಾಕೆ ಅಂತ ಬರೀತೀನಿ.

ಅವಳ ಊರು ಲೂಸಿಯಾನಾದ ಬ್ಯಾಸ್ಕಿನ್. ಜನಸಂಖ್ಯೆ ಸುಮಾರು ಇನ್ನೂರು. ಅಪ್ಪ ರೈತ, ಜೋಳ, ಗೋಧಿ, ಸೋಯಾ ಬೆಳೆಯುವವರು. ಅಮ್ಮ ಟೀಚರ್. ಒಂಬತ್ತು ವರ್ಷಕ್ಕೆ ಹಾಡು ಬರೆಯಲು ಶುರು ಮಾಡಿದಳು. ಗಿಟಾರ್ ಹಿಡಿಯಲು ಕಲಿಸಿದ್ದು ಅಪ್ಪ. ಹೈಸ್ಕೂಲಿನಲ್ಲಿದ್ದಾಗ ಹಳದಿ ಕೂದಲಿನ ಟೋಪನ್ ಹಾಕಿಕೊಂಡು, ಮಕ್ಕಳ ಹುಟ್ಟುಹಬ್ಬಗಳಲ್ಲಿ ಟಿವಿ ಧಾರಾವಾಹಿಯ ಗಾಯಕಿ ಹ್ಯಾನಾ ಮೊಂಟಾನಾ ಆಗಿ ಹಾಡಿ ದುಡಿಯುತ್ತಿದ್ದಳು. 2011ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಗಾಡಿಯ ಹಿಂದೆ ಒಂದು ಕ್ಯಾಂಪರ್ ಟ್ರೇಲರ್ ಕಟ್ಟಿಕೊಂಡು ನ್ಯಾಶ್‌ವಿಲ್‌ಗೆ ಬಂದಳು. ಗಾಲಿ ಮೇಲಿನ ಪುಟ್ಟ ಮನೆ ಅದು. ಪರಿಚಯದವರೊಬ್ಬರ ರೆಕಾರ್ಡಿಂಗ್ ಸ್ಟುಡಿಯೋ ಹೊರಗೆ ಅದನ್ನು ನಿಲ್ಲಿಸಿ, ಅವರ ಕಟ್ಟಡದಿಂದಲೇ ನೀರು, ಕರೆಂಟು ಎಳೆದುಕೊಂಡು ಸುಮಾರು ಮೂರು ವರ್ಷ ಅದರಲ್ಲೇ ಇದ್ದಳು. ಇಲ್ಲಿನ ಜನವರಿ ಚಳಿ ನನಗೆ ಗೊತ್ತು. ತಗಡಿನ ಡಬ್ಬಿಯೊಳಗೆ ಮೂರು ಚಳಿಗಾಲ ಅಂದರೆ ಸುಮ್ನೆ ಮಾತಲ್ಲ.

ಈ ಊರನ್ನು ‘ಹತ್ತು ವರ್ಷದ ಊರು’ ಅಂತ ಕರೆಯುತ್ತಾರೆ. ಏನಾದರೂ ಆಗಬೇಕಾದರೆ ಹತ್ತು ವರ್ಷ ಇಲ್ಲಿ ಕಾಯಬೇಕು ಅಂತ. ಅವಳ ಲೆಕ್ಕ ಸರಿಯಾಗಿ ಹಾಗೇ ಬಂತು. ಟಿವಿ ಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಬೇಡ ಅನ್ನಿಸಿಕೊಂಡಳು. 2018ರಲ್ಲಿ ರೆಕಾರ್ಡ್ ಕಂಪನಿ ಸಿಕ್ಕಿತು. ‘ಥಿಂಗ್ಸ್ ಎ ಮ್ಯಾನ್ ಆಟಾ ನೋ’ ಹಾಡು 2020ರಲ್ಲಿ ರೇಡಿಯೋಗೆ ಹೋಗಿ, ಒಂದು ವರ್ಷ ನಿಧಾನಕ್ಕೆ ಹತ್ತಿ ಹತ್ತಿ, 2021ರ ಸೆಪ್ಟೆಂಬರ್‌ನಲ್ಲಿ ಒಂದನೇ ಸ್ಥಾನಕ್ಕೆ ಬಂತು. ಆಮೇಲೆ ಎಲ್ಲ ಬೇಗ ಬೇಗ. 2022ರಲ್ಲಿ ‘ಬೆಲ್ ಬಾಟಮ್ ಕಂಟ್ರಿ’ ಆಲ್ಬಮ್. 2023ರ ನವೆಂಬರ್‌ನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ಅತಿ ದೊಡ್ಡ ಪ್ರಶಸ್ತಿ. ಈ ಫೆಬ್ರವರಿಯಲ್ಲಿ ಗ್ರ್ಯಾಮಿ. ನಿನ್ನೆ ಆಪ್ರಿ.

ಆದರೆ ನನ್ನನ್ನು ಹಿಡಿದಿಟ್ಟಿರುವುದು ಪ್ರಶಸ್ತಿಗಳಲ್ಲ. ಹಾಡು ಬರೆಯುವುದನ್ನು ಈ ಊರು ಒಂದು ದಿನಗೂಲಿ ಕೆಲಸದ ಹಾಗೆ ಮಾಡುತ್ತದಲ್ಲ, ಅದು.

ಇದನ್ನು ನನಗೆ ತೋರಿಸಿಕೊಟ್ಟಿದ್ದು ಪಕ್ಕದ ಮನೆಯವರು. ಅರವತ್ತು ದಾಟಿದ್ದಾರೆ. ಇಪ್ಪತ್ತು ವರ್ಷದಿಂದ ಹಾಡು ಬರೆಯುತ್ತಿದ್ದಾರೆ. ಎರಡು ಹಾಡು ರೆಕಾರ್ಡ್ ಆಗಿವೆ. ಇನ್ನೊಂದನ್ನು ಒಬ್ಬ ಗಾಯಕರ ಕಡೆಯವರು ‘ಹೋಲ್ಡ್’ನಲ್ಲಿ ಇಟ್ಟುಕೊಂಡಿದ್ದರು. ಅಂದರೆ ನಾವು ಹಾಡಬಹುದು, ಬೇರೆ ಯಾರಿಗೂ ಕೊಡಬೇಡಿ ಅಂತ. ಒಂದು ವರ್ಷ ಕಾಯಿಸಿ ಆಮೇಲೆ ಬೇಡ ಅಂದರು. ಪಕ್ಕದ ಮನೆಯವರು ಆವತ್ತು ನಮ್ಮ ಮನೆಗೆ ಬಂದು ಒಂದು ಲೋಟ ಚಹಾ ಕುಡಿದು, ಏನೂ ಮಾತಾಡದೆ ಎದ್ದು ಹೋದರು. ಮರುದಿನ ಬೆಳಿಗ್ಗೆ ನೋಡಿದರೆ ಗಿಟಾರ್ ಡಬ್ಬ ಕಾರಿಗೆ ಹಾಕುತ್ತಿದ್ದರು. ಹನ್ನೊಂದು ಗಂಟೆಗೆ ‘ರೈಟ್’ ಇತ್ತು, ಅಂದರೆ ಒಟ್ಟಿಗೆ ಕೂತು ಹಾಡು ಬರೆಯುವುದು.

ಹನ್ನೊಂದು ಗಂಟೆಯ ರೈಟ್ ಅಂದರೆ ಹೀಗೆ. ಮ್ಯೂಸಿಕ್ ರೋ ಅಂತ ಒಂದು ಬಡಾವಣೆ ಇದೆ. ಹದಿನಾರು, ಹದಿನೇಳನೇ ಅವೆನ್ಯೂಗಳ ಆಸುಪಾಸು. ಹಳೇ ಮನೆಗಳನ್ನೇ ಆಫೀಸು ಮಾಡಿಕೊಂಡಿರುವ ಹಾಡಿನ ಪ್ರಕಾಶಕರು ಅಲ್ಲಿದ್ದಾರೆ. ಅಲ್ಲಿನ ಒಂದು ಸಣ್ಣ ಕೋಣೆಗೆ ಎರಡು ಮೂರು ಜನ ಬರುತ್ತಾರೆ. ಕೆಲವು ಸಲ ಮುಖಪರಿಚಯವೂ ಇರುವುದಿಲ್ಲ. ಕಾಫಿ ತಗೊಂಡು, ಮನೆ ಮಕ್ಕಳ ವಿಷಯ ಮಾತಾಡುತ್ತಾ ಕೂರುತ್ತಾರೆ. ಆ ಮಾತಿನ ನಡುವೆಯೇ ಯಾರೋ ಒಬ್ಬರು, “ಏನಂದ್ರಿ, ಇನ್ನೊಂದ್ಸಲ ಹೇಳಿ” ಅನ್ನುತ್ತಾರೆ. ಹಾಡಿನ ಹೆಸರು ಸಿಕ್ಕಿತು ಅಂತ ಅರ್ಥ. ಹೆಸರು ಸಿಕ್ಕಿದ ಮೇಲೆ ಉಳಿದ ಹಾಡು ಆ ಹೆಸರಿಗಾಗಿ ದುಡಿಯುತ್ತದೆ. ಮೂರು ನಾಲ್ಕು ಗಂಟೆಯ ಹೊತ್ತಿಗೆ ಒಂದು ಹಾಡು ಮುಗಿಯಬೇಕು. ಅಲ್ಲೇ ಫೋನಿನಲ್ಲಿ ಹಾಡಿ ರೆಕಾರ್ಡ್ ಮಾಡಿಕೊಂಡು ಎದ್ದರೆ ದಿನದ ಕೆಲಸ ಆಯಿತು. ಕೋಣೆಯಲ್ಲಿ ಇದ್ದವರಿಗೆಲ್ಲ ಸಮಪಾಲು. ಒಬ್ಬರು ಪೂರ್ತಿ ಪಲ್ಲವಿ ಕೊಟ್ಟರೂ, ಇನ್ನೊಬ್ಬರು ಒಂದೇ ಪದ ಕೊಟ್ಟರೂ ಸಾಮಾನ್ಯವಾಗಿ ಪಾಲು ಒಂದೇ. ಇದು ನನಗೆ ತುಂಬಾ ಇಷ್ಟವಾದ ಪದ್ಧತಿ. ಯಾವ ಪದ ಹಾಡನ್ನು ತಿರುಗಿಸಿತು ಅಂತ ಯಾರಿಗೆ ತೂಕ ಹಾಕಲು ಆಗುತ್ತೆ, ಅಲ್ವಾ?

ದುಡ್ಡಿನ ವಿಷಯ ಕೇಳಿ ಆಶ್ಚರ್ಯವಾಯಿತು. ಅಮೆರಿಕದಲ್ಲಿ ಎಎಂ, ಎಫ್‌ಎಂ ರೇಡಿಯೋದಲ್ಲಿ ಹಾಡು ಬಂದರೆ ಗೌರವಧನ ಸಿಗುವುದು ಬರೆದವರಿಗೆ ಮತ್ತು ಪ್ರಕಾಶಕರಿಗೆ. ಬರೀ ಹಾಡಿದವರಿಗೆ ಇಲ್ಲ! ಸಿಡಿ ಮಾರಿದರೆ, ಡೌನ್‌ಲೋಡ್ ಆದರೆ 2024ರ ದರ ಹಾಡೊಂದಕ್ಕೆ 12.4 ಸೆಂಟ್. ಅದನ್ನೂ ಮೂರು ಜನ ಹಂಚಿಕೊಳ್ಳಬೇಕು, ಪ್ರಕಾಶಕರ ಪಾಲೂ ಅದರಲ್ಲೇ. ಲೇನಿ ತನ್ನ ಹಾಡುಗಳನ್ನು ತಾನೂ ಕೂತು ಬರೆಯುತ್ತಾಳೆ ಅನ್ನುವುದರ ಬೆಲೆ ನನಗೆ ಆಗ ತಿಳಿಯಿತು. ಆ ಮೊದಲ ದೊಡ್ಡ ಹಾಡನ್ನು ಅವಳು ಬರೆದದ್ದು ಜೇಸನ್ ನಿಕ್ಸ್ ಮತ್ತು ಜೊನಾಥನ್ ಸಿಂಗಲ್ಟನ್ ಜೊತೆ. ‘ಹಾರ್ಟ್ ಲೈಕ್ ಎ ಟ್ರಕ್’ ಬರೆದದ್ದು ಟ್ರಾನಿ ಆಂಡರ್ಸನ್ ಮತ್ತು ಡಲ್ಲಾಸ್ ವಿಲ್ಸನ್ ಜೊತೆ. ಈ ಮೂವರೂ ಎಷ್ಟು ಸಲ ಒಟ್ಟಿಗೆ ಕೂರುತ್ತಾರೆ ಅಂದರೆ, ತಮ್ಮ ಗುಂಪಿಗೆ ‘ಹಾರ್ಟ್ ರ‍್ಯಾಂಗ್ಲರ್ಸ್’ ಅಂತ ಒಂದು ಹೆಸರೇ ಇಟ್ಟುಕೊಂಡಿದ್ದಾರೆ.

ಟ್ರಕ್ಕಿನ ಹಾಡು ನನಗೆ ಪಾಠದ ಹಾಗೆ. ಮನಸ್ಸು ಒಂದು ಟ್ರಕ್ಕು. ಅಷ್ಟೇ ಮಾತು. ಗೀರು ಬಿದ್ದಿದೆ, ತುಂಬಾ ದಾರಿ ಓಡಿದೆ, ಇನ್ನೂ ಓಡುತ್ತೆ. ಇಡೀ ಹಾಡಿನಲ್ಲಿ ಆ ಟ್ರಕ್ಕನ್ನು ಬಿಟ್ಟು ಆಚೀಚೆ ಹೋಗುವುದಿಲ್ಲ. ನಾನು ಕನ್ನಡದಲ್ಲಿ ಹಾಡು ಬರೆಯಲು ಕೂತಾಗೆಲ್ಲ ಮಾಡುತ್ತಿದ್ದ ತಪ್ಪು ಇದೇ. ಒಂದು ಸಾಲಿನಲ್ಲಿ ಚಂದ್ರ, ಇನ್ನೊಂದರಲ್ಲಿ ದೋಣಿ, ಮೂರನೆಯದರಲ್ಲಿ ಮಲ್ಲಿಗೆ. ನಮ್ಮ ತಿಪಟೂರಿನ ತೋಟದಲ್ಲಿ ಇವು ಮೂರೂ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಪಕ್ಕದ ಮನೆಯವರು ನನ್ನನ್ನು ಬ್ಲೂಬರ್ಡ್ ಕೆಫೆಗೆ ಕರೆದುಕೊಂಡು ಹೋಗಿದ್ದರು. 1982ರಲ್ಲಿ ಶುರುವಾದ ಜಾಗ. ಹೊರಗಿನಿಂದ ನೋಡಿದರೆ ಅಂಗಡಿ ಸಾಲಿನಲ್ಲಿ ಇನ್ನೊಂದು ಅಂಗಡಿ, ಅಷ್ಟೇ. ಒಳಗೆ ತೊಂಬತ್ತು ಜನ ಕೂತರೆ ತುಂಬಿಹೋಗುತ್ತದೆ. ಬರೆದವರು ನಾಲ್ಕು ಜನ ಕೋಣೆಯ ನಡುವೆ ಎದುರು ಬದುರಾಗಿ ಕೂತು, ಒಬ್ಬರಾದ ಮೇಲೆ ಒಬ್ಬರು ಹಾಡುತ್ತಾರೆ. ಯಾರಾದರೂ ಪಿಸುಗುಟ್ಟಿದರೆ ಪಕ್ಕದವರೇ ‘ಶ್ಶ್’ ಅನ್ನುತ್ತಾರೆ. ನನ್ನ ಮೊಣಕಾಲಿಗೆ ಒಬ್ಬರ ಗಿಟಾರಿನ ತುದಿ ತಾಗುತ್ತಿತ್ತು. ಅಷ್ಟು ಹತ್ತಿರ.

ಆವತ್ತು ಹಾಡುತ್ತಿದ್ದವರ ಮುಂದಿದ್ದ ಹಾಳೆಯಲ್ಲಿ ಸ್ವರಗಳ ಬದಲು ಬರೀ ಅಂಕಿ ಬರೆದಿತ್ತು. 1, 4, 5, 1. ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ. ಇದಕ್ಕೆ ನ್ಯಾಶ್‌ವಿಲ್ ನಂಬರ್ ಪದ್ಧತಿ ಅಂತಾರಂತೆ. 1950ರ ದಶಕದ ಕೊನೆಯ ಹೊತ್ತಿಗೆ ನೀಲ್ ಮ್ಯಾಥ್ಯೂಸ್ ಅನ್ನುವ ಗಾಯಕರು ಬಳಕೆಗೆ ತಂದದ್ದು. ಹಾಡುವವರು ಶ್ರುತಿ ಏರಿಸಲಿ, ಇಳಿಸಲಿ, ಅಂಕಿ ಬದಲಾಗುವುದಿಲ್ಲ. ನನಗೆ ಕಾರಿನಲ್ಲೇ ಮೈ ಜುಮ್ಮೆಂದಿತು. ಇದು ನಮ್ಮ ಸರಿಗಮದ ಉಪಾಯವೇ ಅಲ್ವಾ! ಷಡ್ಜ ಎಲ್ಲಿ ಇಟ್ಟುಕೊಂಡರೂ ಸ ಸ-ನೇ, ಮ ಮ-ನೇ, ಪ ಪ-ನೇ. ಅವರ 1, 4, 5 ಮೂರು ಸ್ವರವನ್ನು ಒಟ್ಟಿಗೆ ನುಡಿಸುವ ಕಾರ್ಡ್‌ಗಳು, ನಮ್ಮದು ಒಂದೊಂದೇ ಸ್ವರ. ಆದರೆ ಆ ಕಾರ್ಡ್‌ಗಳು ನಿಲ್ಲುವ ಬುಡ ಸ, ಮ, ಪ. ಅವರಿಗೆ ಸರಳೆ ವರಸೆ ಹಾಡಿ ತೋರಿಸಿದೆ. ಕೆಂಪು ದೀಪ ಹಸಿರಾದರೂ ಕಾರು ನಿಲ್ಲಿಸಿಕೊಂಡೇ ಕೇಳಿದರು.

ಈಗ ನಿನ್ನೆಯ ವಿಷಯಕ್ಕೆ ಬರುತ್ತೇನೆ.

ರೇಡಿಯೋ ಮುಗಿದ ಮೇಲೆ, ಇಲ್ಲಿ ಒಂಬತ್ತೂವರೆ, ಊರಲ್ಲಿ ಬೆಳಿಗ್ಗೆ ಎಂಟು. ಅಮ್ಮನಿಗೆ ಫೋನ್ ಮಾಡಿದೆ. ಪಕ್ಕದ ಮನೆಯವರೂ ಆಪ್ರಿ ಕೇಳಲು ನಮ್ಮಲ್ಲಿಗೇ ಬಂದಿದ್ದರು, ಮೇಜಿನ ಆಚೆ ಕೂತಿದ್ದರು.

“ಅಪ್ಪ ಎಲ್ಲಿ?” ಅಂದೆ.

“ಒಂದ್ ಸುತ್ತು ಹಾಕ್ಕೊಂಡ್ ಬರ್ತೀನಿ ಅಂತ ಹೋದ್ರು ಕಣೇ. ರಾತ್ರಿ ಮಳೆ ಬಂದಿತ್ತಲ್ಲ, ಕಾಯಿ ಬಿದ್ದಿರ್ತವೆ ಅಂತ. ಕಾಲು ನೋವು ಅಂತಾರೆ, ಕೇಳಲ್ಲ.”

ಅಪ್ಪನಿಗೆ ಎಪ್ಪತ್ನಾಲ್ಕು. ನನಗೆ ಬುದ್ಧಿ ಬಂದಾಗಿನಿಂದ ದಿನಾ ಬೆಳಿಗ್ಗೆ ಇದೇ ಮಾತು. ಹೆಗಲ ಮೇಲೆ ಟವಲು, ಕೈಯಲ್ಲಿ ಕುಡುಗೋಲು, ಬಾಗಿಲ ಹತ್ತಿರ ನಿಂತು ಒಳಗೆ ಒಂದು ಮಾತು. ಬಿದ್ದ ಗರಿ ಎಳೆದು ಬದುವಿಗೆ ಹಾಕಿ, ಕಾಯಿ ಆರಿಸಿಕೊಂಡು, ಬಿಸಿಲೇರುವ ಹೊತ್ತಿಗೆ ವಾಪಸ್.

ಫೋನ್ ಇಟ್ಟ ಮೇಲೆ ಪಕ್ಕದ ಮನೆಯವರು ಅಮ್ಮ ಏನಂದರು ಅಂತ ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಏನಂದ್ರಿ, ಇನ್ನೊಂದ್ಸಲ ಹೇಳಿ” ಅಂದರು.

ನನಗೆ ಆ ಮಾತಿನ ಅರ್ಥ ಗೊತ್ತಿತ್ತಲ್ಲ. ಕೈ ನಡುಗಿತು.

ಮಕ್ಕಳ ಹೋಂವರ್ಕ್ ಪುಸ್ತಕದ ಹಿಂದಿನ ಹಾಳೆ ಹರಿದುಕೊಂಡು ಕೂತೆವು. ಅವರು ಹೇಳಿದ್ದು ಇಷ್ಟು. ಹೆಸರು ಪ್ರತಿ ಚರಣದ ಕೊನೆಗೂ ಬರಲಿ, ಮಾತು ಅದೇ ಇರಲಿ, ಆದರೆ ಪ್ರತಿ ಸಲವೂ ಅರ್ಥ ಬೇರೆ ಆಗಲಿ. ಮೊದಲನೇ ಚರಣ ಸಲೀಸಾಗಿ ಬಂತು, ಅದು ಅಪ್ಪನದು.

ಹೆಗಲಲ್ಲಿ ಟವಲು, ಕೈಯಲ್ಲಿ ಕುಡುಗೋಲು,
ಹೊಸಿಲಾಚೆ ಅಪ್ಪನ ಮಳೆ ಮೆತ್ತಿದ ಮೆಟ್ಟು,
ಕಾಫಿ ಆರೋದ್ರೊಳಗೆ, ಬಿಸಿಲು ಏರೋದ್ರೊಳಗೆ
ಒಂದು ಸುತ್ತು ಹಾಕ್ಕೊಂಡು ಬರ್ತೀನಿ.

‘ಮೆಟ್ಟು’ ಪದಕ್ಕೆ ಅರ್ಧ ಗಂಟೆ ಹಿಡಿಯಿತು. ಮೊದಲು ‘ಚಪ್ಪಲಿ’ ಅಂತ ಬರೆದಿದ್ದೆ. ಅಪ್ಪ ಚಪ್ಪಲಿ ಅನ್ನುವುದೇ ಇಲ್ಲ. ‘ನನ್ನ ಮೆಟ್ಟು ಎಲ್ಲಿ’ ಅಂತಲೇ ಕೇಳುವುದು. ಆ ಪದ ಬಂದ ಕೂಡಲೇ ಅಪ್ಪ ನಮ್ಮ ಅಡುಗೆಮನೆಗೆ ಬಂದು ನಿಂತ ಹಾಗಾಯಿತು.

ಎರಡನೇ ಚರಣ ಬರೆಯುವಾಗ ನನಗೆ ಅಳು ತಡೆಯಲಾಗಲಿಲ್ಲ. ಯಾಕೆಂದರೆ ಅದೇ ಮಾತನ್ನು ನಾನೂ ಆಡಿದ್ದೆ. ಆರು ವರ್ಷದ ಹಿಂದೆ, ಎರಡು ಸೂಟ್‌ಕೇಸ್ ಹೊರಗಿಟ್ಟು, ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವಾಗ, ಸಮಾಧಾನಕ್ಕೆ ಅಂತ ಅಪ್ಪನ ಹಾಗೇ ಅಂದಿದ್ದೆ. ಎರಡು ವರ್ಷದ ಕೆಲಸ, ಒಂದು ಸುತ್ತು ಹಾಕ್ಕೊಂಡು ಬರ್ತೀನಿ ಬಿಡಮ್ಮ ಅಂತ. ಅದನ್ನು ಪಕ್ಕದ ಮನೆಯವರಿಗೆ ಹೇಳಿರಲೇ ಇಲ್ಲ. ಮಾತೇ ತಾನಾಗಿ ಅಲ್ಲಿಗೆ ಕರೆದುಕೊಂಡು ಹೋಯಿತು.

ಸೂಟ್‌ಕೇಸು ಎರಡು, ಉಪ್ಪಿನಕಾಯಿ ಡಬ್ಬ,
ಕಣ್ಣೊರೆಸೋ ಅಮ್ಮಂಗೆ ನಾ ಕೊಟ್ಟ ಮಾತು,
ಎರಡೇ ಎರಡು ವರ್ಷ, ಕಾಯಿ ಬಲಿಯೋದ್ರೊಳಗೆ
ಒಂದು ಸುತ್ತು ಹಾಕ್ಕೊಂಡು ಬರ್ತೀನಿ.

ಅವರು 1, 4, 5 ಮೂರೇ ಕಾರ್ಡ್ ಹಿಡಿದರು. ನಾನು ಹಾಡಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಹಿನ್ನೆಲೆಯಲ್ಲಿ ಫ್ರಿಜ್ ಸದ್ದು, ನಡುವೆ ನನ್ನ ಗಂಟಲು ಒಂದು ಕಡೆ ಕಟ್ಟಿದೆ. ಮತ್ತೊಮ್ಮೆ ಹಾಡಲಾ ಅಂದರೆ ಬೇಡ ಅಂದರು. ಹನ್ನೆರಡೂವರೆಗೆ ಮನೆಗೆ ಹೊರಟರು. ಬಾಗಿಲಲ್ಲಿ ನಿಂತು, ಪಾಲು ಅರ್ಧ ಅರ್ಧ, ಹಾಳೆಯ ಕೆಳಗೆ ಇಬ್ಬರ ಹೆಸರು, ತಾರೀಕು ಬರೆದಿಡು ಅಂದರು. ಬರೆದಿಟ್ಟಿದ್ದೇನೆ.

ಮೂರನೇ ಚರಣ ಬಂದಿಲ್ಲ. ಈಗಲೂ ಹಾಳೆ ಮುಂದೆಯೇ ಇದೆ. ಮೂರನೇ ಸಲ ಆ ಮಾತನ್ನು ಯಾರು ಆಡಬೇಕು? ನಾನು ಊರಿಗೆ ಹೋಗಿ, ತೋಟಕ್ಕೆ ಇಳಿಯುವಾಗ ಆಡಬೇಕಾ? ನನ್ನ ಮಗಳು ಆಡಬೇಕಾ? ಅಪ್ಪ ಆಡುವುದಾದರೆ ಅದನ್ನು ಬರೆಯುವ ಧೈರ್ಯ ನನಗಿಲ್ಲ.

ಡಿಸೆಂಬರ್ ರಜೆಗೆ ಟಿಕೆಟ್ ಎಷ್ಟಿದೆ ಅಂತ ಆಗಲೇ ನೋಡಿದೆ. ಮಗಳು ಎದ್ದು ಬಂದು, ದೋಸೆ ಯಾವಾಗ ಅಂತ ಕೇಳುತ್ತಿದ್ದಾಳೆ. ಹಿಟ್ಟು ಅರ್ಧಕ್ಕೇ ನಿಂತಿದೆ, ಇವತ್ತು ಉಪ್ಪಿಟ್ಟೇ.

ಮಂಗಳವಾರ ಹನ್ನೊಂದು ಗಂಟೆಗೆ ಅವರ ಮನೆಯಲ್ಲಿ ರೈಟ್ ಇದೆ. ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದೇನೆ.